ನೂರು ಮೀಟರಿನೊಳಗಿನ ಮನೆಗಳು

ಬೇಡ ಎನ್ನುವುದೇ ಆಗ ನನ್ನ ಕೆಲಸವಾಗಿತ್ತು.

ಹರಪನಹಳ್ಳಿ ತಾಲೂಕಿನ ಒಂದು ದೊಡ್ಡ ಹಳ್ಳಿಯ ನಡುವೆ ಹಳೆಯ ಕಲ್ಲಿನ ಗುಡಿಯಿದೆ. ಅದು ನಮ್ಮ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿತ್ತು. ಗುಡಿಯಿಂದ ನೂರು ಮೀಟರಿನೊಳಗೆ ಯಾರೂ ಹೊಸದಾಗಿ ಕಟ್ಟುವಂತಿರಲಿಲ್ಲ. ಇರುವ ಮನೆಯ ಬಾಗಿಲು ಅಗಲ ಮಾಡುವುದಾದರೂ, ಮಾಳಿಗೆ ಎತ್ತರಿಸುವುದಾದರೂ, ಕಟ್ಟೆ ಒಡೆಯುವುದಾದರೂ ಮೊದಲು ಅರ್ಜಿ ಕೊಡಬೇಕಿತ್ತು. ಅರ್ಜಿ ಹಿಡಿದು ಊರಿಗೆ ಹೋಗಿ, ಮನೆಯ ಮುಂಭಾಗ ಅಳೆದು, ಫೋಟೋ ತೆಗೆದು, ಶಿಫಾರಸು ಬರೆದು ಮೇಲಕ್ಕೆ ಕಳಿಸುವವನು ನಾನು. ಮೇಲಿನಿಂದ ಬರುವ ಉತ್ತರ ಹೆಚ್ಚಾಗಿ ಒಂದೇ ಆಗಿರುತ್ತಿತ್ತು: ಯಥಾಸ್ಥಿತಿ ಕಾಪಾಡತಕ್ಕದ್ದು. ಅದನ್ನು ಊರಿಗೆ ಒಯ್ದು ಮನೆಯವರಿಗೆ ತಿಳಿಯುವ ಹಾಗೆ ಹೇಳುವುದೂ ನನ್ನ ಪಾಲಿಗೇ ಬಂದಿತ್ತು.

ಅದು ತೊಂಬತ್ತರ ದಶಕದ ಕೊನೆ. ಹರಪನಹಳ್ಳಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಸೇರಿ ಬಹಳ ದಿನವಾಗಿರಲಿಲ್ಲ. ಊರಿನ ಹಳೆಯ ನಕ್ಷೆಗಳು ಬಳ್ಳಾರಿಯಲ್ಲಿದ್ದವು, ಕೇಳುವ ಸಾಹೇಬರು ದಾವಣಗೆರೆಯಲ್ಲಿದ್ದರು. ನಾನು ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ವಾರದಲ್ಲಿ ಅರ್ಧ ದಿನಗಳು ಒಂದಲ್ಲ ಒಂದು ಬಸ್ಸಿನಲ್ಲಿ ಕಳೆಯುತ್ತಿದ್ದವು. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳುವಾಗ ಅಳತೆಪಟ್ಟಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡುವುದನ್ನು ಕಲಿತಿದ್ದೆ.

ಗುಡಿಯ ಎದುರಿಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿತ್ತು. ಎಲ್ಲ ಮನೆಗಳಿಗೂ ಒಂದೇ ಎತ್ತರದ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಮರದ ಕಂಬಗಳು, ಹಿಂದೆ ತಗ್ಗಾದ ತಲೆಬಾಗಿಲು, ಮೇಲೆ ಮಣ್ಣಿನ ಮಾಳಿಗೆ. ಗುಡಿಯಷ್ಟು ಹಳೆಯ ಮನೆಗಳಲ್ಲ. ಆದರೆ ಗುಡಿಯ ಬಾಗಿಲಲ್ಲಿ ನಿಂತು ನೋಡಿದರೆ ಆ ಸಾಲು ಒಂದೇ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಆ ಗೆರೆ ಮುರಿಯಬಾರದು ಎಂಬುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು.

ಸಾಲಿನ ಮೂರನೆಯ ಮನೆ ಹಾಲಮ್ಮನದು. ಗಂಡ ಕುರಿ ಹಿಂಡು ಹೊಡೆದುಕೊಂಡು ದೀಪಾವಳಿಯ ನಂತರ ಹೊರಟರೆ ಮುಂಗಾರಿನ ಹೊತ್ತಿಗೇ ಊರಿಗೆ ಬರುವುದು. ಅಲ್ಲಿಯವರೆಗೆ ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಮನೆ, ಹೊಲ ಎಲ್ಲವನ್ನೂ ಆಕೆಯೇ ನೋಡಬೇಕು. ಅರ್ಜಿ ಬರೆಸಿದವಳೂ ಆಕೆಯೇ: ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ ಹಾಕಬೇಕು, ಎರಡು ಅಡಿ ಎತ್ತರಿಸಬೇಕು, ಮುಂದಿನ ಕಂಬ ತೆಗೆದು ಗೋಡೆ ಕಟ್ಟಬೇಕು.

ಮೊದಲ ಸಲ ಹೋದಾಗ ನಾನು ಬೀದಿಯಲ್ಲೇ ನಿಂತು ಅಳೆದೆ. ಆಕೆ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು.

"ಕಂಬ ತೆಗಿಯಂಗಿಲ್ಲ, ಕಟ್ಟಿ ಒಡಿಯಂಗಿಲ್ಲ, ಮಾಳಿಗಿ ಏರಸಂಗಿಲ್ಲ ಅಂತೀರಿ. ಮತ್ತ ಏನು ಮಾಡಬಹುದು ಅದನ್ನಾರ ಹೇಳ್ರಿ ಸಾಹೇಬ್ರ" ಎಂದಳು.

"ಸುಣ್ಣ ಹೊಡೀಬಹುದು ಕಣಮ್ಮ."

"ಸುಣ್ಣ ಹೊಡದ್ರ ಸೋರಾದು ನಿಂದ್ರತೈತೇನ್ರಿ?"

ನಾನು ಪಟ್ಟಿ ಸುತ್ತಿಕೊಂಡೆ. ಅಂಥ ಮಾತು ಬಂದಾಗ ಹಾಗೆ ಮಾಡುವುದು ನನಗೆ ಅಷ್ಟರಲ್ಲಿ ರೂಢಿಯಾಗಿತ್ತು.

ಆ ಅರ್ಜಿ ಯಥಾಸ್ಥಿತಿ ಎಂಬ ಷರಾದೊಂದಿಗೆ ವಾಪಸ್ಸು ಬಂತು. ಆಕೆ ಎತ್ತರಿಸುವ ಮಾತನ್ನು ಬಿಟ್ಟು ಎರಡನೆಯದನ್ನು ಕೊಟ್ಟಳು. ಅದು ಎರಡು ಜಿಲ್ಲಾ ಕಚೇರಿಗಳ ನಡುವೆ ಎಲ್ಲೋ ಸೇರಿಹೋಯಿತು. ಹುಡುಕಲು ಎರಡೂ ಊರಿಗೆ ಅಲೆದೆ. ಬಳ್ಳಾರಿಯಲ್ಲಿ ದಾವಣಗೆರೆಗೆ ಹೋಗಿದೆ ಎಂದರು, ದಾವಣಗೆರೆಯಲ್ಲಿ ಬಂದೇ ಇಲ್ಲ ಎಂದರು. ಕೊನೆಗೆ ನನ್ನ ಬಳಿಯಿದ್ದ ನಕಲನ್ನೇ ಮತ್ತೆ ಕಳಿಸಿದೆ. ಅದಕ್ಕೂ ಅದೇ ಉತ್ತರ.

ಆ ಉತ್ತರ ಹಿಡಿದುಕೊಂಡು ಹೋದ ದಿನ ಹಾಲಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಕಾಗದವನ್ನು ತೆಗೆದುಕೊಳ್ಳಲೂ ಇಲ್ಲ. "ಬರ್ರಿ ಒಳಗ" ಎಂದಷ್ಟೇ ಹೇಳಿ ತಿರುಗಿ ನಡೆದಳು.

ಅಲ್ಲಿಯವರೆಗೆ ನಾನು ಆ ಸಾಲಿನ ಯಾವ ಮನೆಯ ಹೊಸಿಲನ್ನೂ ದಾಟಿರಲಿಲ್ಲ. ನನಗೆ ಬೇಕಾದದ್ದೆಲ್ಲ ಹೊರಗಿತ್ತು: ಎತ್ತರ, ಬಾಗಿಲಿನ ಅಗಲ, ಕಂಬದ ಕೆತ್ತನೆ, ಬಣ್ಣ. ತಲೆ ಬಗ್ಗಿಸಿ ಒಳಗೆ ಹೋದಾಗ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ಕೋಲು ಬೆಳಕಿನಲ್ಲಿ ದೂಳು ತೇಲುತ್ತಿತ್ತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಜಂತೆಗಳ ಕೆಳಗೆ ಹಳೆಯ ಸೀರೆ, ಗೋಣಿತಟ್ಟುಗಳನ್ನು ಹೊಲಿದು ಚಪ್ಪರದ ಹಾಗೆ ಕಟ್ಟಿದ್ದರು. ಮಣ್ಣಿನ ಭಾರಕ್ಕೆ ಅವು ಅಲ್ಲಲ್ಲಿ ಜೋತಿದ್ದವು.

"ಚೇಳು ಬೀಳ್ತಾವ್ರಿ" ಎಂದಳು ಹಾಲಮ್ಮ. "ಹ್ವಾದ ತಿಂಗಳು ಸಣ್ಣಾಕಿ ಕಾಲಿಗೆ ಕಡೀತು. ಎತ್ತಿಕ್ಯಂಡು ಹರಪನಹಳ್ಳಿಗೆ ಓಡಿದ್ವಿ. ನೀವು ಬಂದು ನೋಡಾದು ಹೊರಗಿನ ಗ್ವಾಡಿ. ನಾವು ಇರಾದು ಇಲ್ಲಿ."

ನಾನು ಚೀಲದಿಂದ ತೂಗುಗುಂಡು ತೆಗೆದೆ. ಪಕ್ಕದ ಮನೆಗೂ ಈ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಕೆಸರು ಮಣ್ಣಿನಲ್ಲಿ ಕಟ್ಟಿದ ಕಾಡುಗಲ್ಲಿನ ಗೋಡೆ. ಎರಡೂ ಮನೆಗಳ ತೊಲೆಗಳು ಅದರ ಮೇಲೇ ಕೂತಿದ್ದವು. ದಾರ ಇಳಿಬಿಟ್ಟು ನೋಡಿದೆ. ಗೋಡೆಯ ಹೊಟ್ಟೆ ನಾಲ್ಕು ಬೆರಳಿನಷ್ಟು ಮುಂದಕ್ಕೆ ಬಂದಿತ್ತು. ತೊಲೆಯ ಬುಡದಿಂದ ನೆಲದವರೆಗೆ ಒಂದು ಬಿರುಕು ಇಳಿದಿತ್ತು. ಏಣಿ ಹಾಕಿ ಮಾಳಿಗೆಗೆ ಹತ್ತಿದೆ. ಸೋರದಿರಲೆಂದು ಪ್ರತಿವರ್ಷ ಮಳೆಗೆ ಮೊದಲು ಹೊಸ ಚೌಳು ಮಣ್ಣು ಹರಡುತ್ತಾರೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಬೆಳಕಿಂಡಿಯ ಅಂಚಿನಲ್ಲಿ ನಿಂತಾಗ ಮಣ್ಣಿನ ದಪ್ಪ ನನ್ನ ಮೊಣಕಾಲಿನವರೆಗೆ ಇತ್ತು. ಒಂದು ಮಳೆ ಹಿಡಿದರೆ ಆ ಮಣ್ಣು ನೀರು ಕುಡಿದು ಇನ್ನೂ ಭಾರವಾಗುತ್ತದೆ. ಕೆಳಗೆ ಮುದುಕಿಯೂ ಹುಡುಗಿಯರೂ ಮಲಗುತ್ತಾರೆ.

ಪಕ್ಕದ ಮನೆ ಮಾಬುಸಾಬರದು. ಕಟ್ಟೆಯ ಮೇಲೇ ವೆಲ್ಡಿಂಗ್ ಯಂತ್ರ ಇಟ್ಟುಕೊಂಡು ಗೇಟು, ಕುಂಟೆ, ಗಾಡಿಯ ಪಟ್ಟಿ ಎಲ್ಲ ರಿಪೇರಿ ಮಾಡುತ್ತಿದ್ದರು. ಗೋಡೆಯ ವಿಷಯ ಹೇಳಿದೆ. ಕಣ್ಣಿಗೆ ಹಿಡಿದ ಗಾಜನ್ನು ಇಳಿಸದೆಯೇ, "ನಮ್ಮಪ್ಪನ ಕಾಲದಾಗೂ ಹಂಗ ಇತ್ರಿ ಸಾಹೇಬ್ರ. ಬೀಳಾದಿದ್ರ ಯಾವಾಗೋ ಬೀಳ್ತಿತ್ತು" ಎಂದರು.

ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ತಿಳಿಯಲು ಒಂದು ಸರಳ ಉಪಾಯವಿದೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನಿಟ್ಟು ಎರಡು ತುದಿಗೂ ಸಿಮೆಂಟು ಮೆತ್ತುವುದು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಗೋಡೆಯ ಎರಡೂ ಬದಿಗೆ ಗಾಜು ಕೂರಿಸಿ, ಒಡೆದ ದಿನ ನನ್ನ ಕೋಣೆಯ ಹತ್ತಿರದ ಎಸ್‌ಟಿಡಿ ಬೂತಿಗೆ ಫೋನು ಮಾಡಲು ಹೇಳಿ ಬಂದೆ.

ಆಮೇಲೆ ನಾನೇ ಒಂದು ನಕ್ಷೆ ಬರೆದೆ. ಮಣ್ಣು, ಜಂತೆ ತೆಗೆದು ಕಬ್ಬಿಣದ ತೊಲೆ ಹಾಕುವುದು, ಅದರ ಮೇಲೆ ಕಡಪ ಬಂಡೆ ಹಾಸುವುದು, ಮೇಲೆ ತೆಳ್ಳಗೆ ಗಾರೆ. ಎತ್ತರ ಇದ್ದಷ್ಟೇ. ಕಟ್ಟೆ, ಕಂಬ, ತಲೆಬಾಗಿಲು ಇದ್ದ ಹಾಗೇ. ಬೀದಿಯಿಂದ ನೋಡಿದವರಿಗೆ ಏನೂ ಬದಲಾದದ್ದು ಕಾಣುವುದಿಲ್ಲ. ನಕ್ಷೆ ಮೇಲಕ್ಕೆ ಹೋಯಿತು. ಯುಗಾದಿ ಕಳೆದ ಮೇಲೆ ಮೇಲಧಿಕಾರಿಗಳು ಜೀಪಿನಲ್ಲಿ ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಕೆಟ್ಟವರಲ್ಲ. ಗುಡಿಯ ಬಾಗಿಲಲ್ಲಿ ನಿಂತು ಸಾಲನ್ನು ಬಹಳ ಹೊತ್ತು ನೋಡಿದರು.

"ಒಂದು ಮನೆಗೆ ಬಿಟ್ರೆ ಸಾಲಿಗೆಲ್ಲ ಬಿಡಬೇಕಾಗುತ್ತೆ ರೀ" ಎಂದರು.

"ಒಳಗೊಮ್ಮೆ ನೋಡಿ ಸರ್."

"ಒಳಗೆ ನೋಡಿದ್ರೆ ಇಲ್ಲ ಅನ್ನೋಕಾಗಲ್ಲ. ಅದಕ್ಕೇ ನಾನು ನೋಡಲ್ಲ."

ಅಷ್ಟು ನಿಜ ಹೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ನನಗೆ ಆಗಲಿಲ್ಲ. ಜೀಪು ಹೋಯಿತು. ಉತ್ತರ ಬರಲಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಅರ್ಜಿಗಾಗಿ ಆ ಊರಿಗೆ ಹೋದಾಗ ಬೀದಿಯ ಎಲ್ಲ ಕಟ್ಟೆಗಳ ಮೇಲೂ ಕೆಂಪು ಬಣ್ಣದ ಗುರುತುಗಳಿದ್ದವು. ರಸ್ತೆ ಅಗಲ ಮಾಡುತ್ತಾರಂತೆ. ಇಂಥ ಕಡೆಯಿಂದ ಇಷ್ಟು ಅಡಿ ಎಂದು ಬೇರೆ ಇಲಾಖೆಯವರು ಬರೆದು ಹೋಗಿದ್ದರು. ಒಂದು ಕಂಬವನ್ನೂ ಮುಟ್ಟಬೇಡಿ ಎಂದು ನಾನು ಹೇಳುತ್ತಿದ್ದ ಸಾಲಿನಲ್ಲಿ ಕಟ್ಟೆಗಳೂ ಕಂಬಗಳೂ ಸಂಪೂರ್ಣ ಹೋಗುವುದಿತ್ತು. ಎಸ್‌ಟಿಡಿ ಬೂತಿನಿಂದ ಮೇಲಧಿಕಾರಿಗಳಿಗೆ ಫೋನು ಮಾಡಿದೆ. ಪತ್ರ ಬರೆಯಿರಿ ಎಂದರು. ಬರೆದೆ. ರಸ್ತೆಯವರು ಅದು ತಮ್ಮ ಮೇಲಿನವರಿಗೆ ಬರಬೇಕು ಎಂದರು. ಅವರಿಗೂ ಬರೆದೆ.

ಬರೀ ನನ್ನ ಪತ್ರದಿಂದ ಆಗುವುದಿಲ್ಲ, ಬೀದಿಯವರೂ ತಕರಾರು ಕೊಡಬೇಕು ಎನ್ನಿಸಿ ಮಾಬುಸಾಬರ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿದೆ. ಮನೆಗಳನ್ನು ಉಳಿಸಿಕೊಳ್ಳೋಣ, ಸಹಿ ಹಾಕಿ ಎಂದೆ. ಯಾರೂ ಪೆನ್ನಿಗೆ ಕೈ ಚಾಚಲಿಲ್ಲ. ಆಮೇಲೆ ಮಾಬುಸಾಬರೇ ಬಾಯಿ ಬಿಟ್ಟರು.

"ಸಾಹೇಬ್ರ, ಬ್ಯಾಸರ ಮಾಡ್ಕಾಬ್ಯಾಡ್ರಿ. ನಮಗ ನೀವೂ ಸರಕಾರ, ಅವರೂ ಸರಕಾರ. ನೀವು ಒಡೀಬ್ಯಾಡ್ರಿ ಅಂತೀರಿ, ಅವರು ಒಡೀತೀವಿ ಅಂತಾರ. ನಮ್ಮನ್ನ ಯಾರು ಕೇಳ್ಯಾರ? ನಿಮ್ಮಿಬ್ಬರದು ನೀವು ಬಗಿಹರಿಸಿಕ್ಯಳ್ರಿ."

"ಕಟ್ಟೆ ಹೋದ್ರೆ ನಿಮ್ಮ ವೆಲ್ಡಿಂಗ್ ಎಲ್ಲಿ ಮಾಡ್ತೀರಿ?"

"ಅದನ್ನ ನೆನೆಸಿದ್ರ ನಿದ್ದಿ ಬರಂಗಿಲ್ರಿ. ಆದ್ರ ನಿಮ್ಮ ಕಾಗದಕ್ಕ ಸೈ ಹಾಕಿದ್ರ ಬರ್ತೈತೇನು?"

ಹಾಲಮ್ಮ ಕಂಬಕ್ಕೆ ಒರಗಿ ಕೂತಿದ್ದಳು. "ಮೊದಲು ನನ್ನ ಮಾಳಿಗಿ ಮಾಡಿಸಾಕ ಬಿಡ್ರಿ. ಆಮ್ಯಾಲ ಕಟ್ಟಿ ಮ್ಯಾಲ ನಾನ ನಿಂದ್ರತೀನಿ" ಎಂದಳು. ಎಲ್ಲರೂ ನಕ್ಕರು. ನಾನು ಸಹಿಯಿಲ್ಲದ ಕಾಗದ ಮಡಚಿಕೊಂಡು ಬಸ್ಸು ಹತ್ತಿದೆ.

ಮುಂಗಾರಿನ ಮೊದಲ ಮಳೆಗಳು ಆ ವರ್ಷ ಚೆನ್ನಾಗಿ ಆದವು. ಒಂದು ಬೆಳಿಗ್ಗೆ ಬೂತಿನವನು ನನ್ನ ಕೋಣೆಗೆ ಬಂದು ಫೋನು ಬಂದಿತ್ತು ಎಂದ. ಗಾಜು ಒಡೆದಿದೆ, ಅಷ್ಟೇ ಹೇಳಿ ಇಟ್ಟರಂತೆ.

ಹೋಗಿ ನೋಡಿದೆ. ಎರಡೂ ಬದಿಯ ಗಾಜುಗಳು ಒಡೆದಿದ್ದವು. ಮಾಬುಸಾಬರ ಕಡೆಯ ಬಿರುಕಿನಲ್ಲಿ ಬೆರಳು ತೂರುತ್ತಿತ್ತು. ಅವರೀಗ ಅಪ್ಪನ ಕಾಲದ ಮಾತು ಎತ್ತಲಿಲ್ಲ. ಹಾಲಮ್ಮ ಅತ್ತೆಯನ್ನೂ ಮಕ್ಕಳನ್ನೂ ಹೊರಗೆ ಕಟ್ಟೆಯ ಮೇಲೆ ಕೂರಿಸಿದ್ದಳು. ಆಕೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ, ಮೇಲಿನಿಂದ ಉತ್ತರ ಬರಲಿ ಎಂಬ ಹಳೆಯ ಮಾತು ನನ್ನ ಬಾಯಿಗೆ ಬರುತ್ತಿತ್ತೋ ಏನೋ. ಆಕಾಶ ಮತ್ತೆ ಕಪ್ಪಾಗುತ್ತಿತ್ತು.

ಅಲ್ಲೇ ಕೂತು ಬರೆದೆ: ಜೀವಹಾನಿಯ ಭಯವಿರುವುದರಿಂದ ತುರ್ತು ದುರಸ್ತಿಗೆ ಸ್ಥಳದಲ್ಲೇ ಒಪ್ಪಿಗೆ ಕೊಡಲಾಗಿದೆ, ಹೊರಭಾಗ ಬದಲಾಗತಕ್ಕದ್ದಲ್ಲ. ಹಾಗೆ ಒಪ್ಪಿಗೆ ಕೊಡುವ ಅಧಿಕಾರ ನನಗಿರಲಿಲ್ಲ. ಸಹಿ ಹಾಕುವಾಗ ಧೈರ್ಯ ಬಂತೆಂದರೆ ಸುಳ್ಳಾದೀತು. ಸಾಕಾಗಿತ್ತು ಎನ್ನುವುದೇ ಸರಿ.

ಮಾಬುಸಾಬರು ಅಂಗಡಿಯಲ್ಲಿದ್ದ ಕಬ್ಬಿಣದ ಪೈಪುಗಳನ್ನು ತಂದು ಎರಡೂ ಮನೆಯ ತೊಲೆಗಳಿಗೆ ಕೆಳಗಿನಿಂದ ಆಸರೆ ಕೊಟ್ಟರು. ಮಾಳಿಗೆಯ ಮಣ್ಣನ್ನು ಒಂದೇ ಕಡೆಯಿಂದ ತೆಗೆದರೆ ಗೋಡೆ ಇನ್ನೊಂದು ಕಡೆಗೆ ವಾಲುತ್ತದೆ. ಹಾಗಾಗಿ ಎರಡೂ ಮನೆಗಳದನ್ನು ಸಮಸಮವಾಗಿ ಇಳಿಸಬೇಕು ಎಂದು ಹೇಳಿ ನಾನು ಗೋಡೆಯ ತಲೆಯ ಮೇಲೇ ನಿಂತೆ. ಬೀದಿಯ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಬಂದರು. ಕೆಳಗಿಳಿದ ಮಣ್ಣು ಬೀದಿಯಲ್ಲಿ ಒಂದು ದಿಬ್ಬವಾಯಿತು. ಹಾಲಮ್ಮನ ಗಂಡ ಸುದ್ದಿ ಕೇಳಿ ಹಿಂಡನ್ನು ಅಣ್ಣನಿಗೆ ಒಪ್ಪಿಸಿ ಬಂದ. ಬಿರುಕು ಬಿಟ್ಟ ಕಡೆ ಗೋಡೆಯನ್ನು ಬಿಚ್ಚಿ, ಉದ್ದನೆಯ ಕಲ್ಲುಗಳನ್ನು ಅಡ್ಡ ಹಾಕಿ ಮತ್ತೆ ಕಟ್ಟಿಸಿದೆವು. ಮಳೆಗಳ ಬಿಡುವಿನಲ್ಲಿ ತೊಲೆ, ಬಂಡೆ ಏರಿದವು. ಕೆಲಸ ಮುಗಿದ ಮೇಲೆ ಗುಡಿಯ ಬಾಗಿಲಿನಿಂದ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟೆ. ಸಾಲು ಹಾಗೇ ಇತ್ತು.

ನನ್ನ ವರದಿಗೆ ಮೇಲಿನಿಂದ ವಿವರಣೆ ಕೇಳಿ ಪತ್ರ ಬಂತು. ವಿವರಣೆ ಬರೆದೆ. ಅದರ ಮೇಲೆ ಇನ್ನೊಂದು ವಿವರಣೆ ಕೇಳಿದರು.

ದಸರೆ ಕಳೆದ ಮೇಲೆ ಜೆಸಿಬಿ ಬಂತು. ನನಗೆ ಮಾಬುಸಾಬರೇ ಫೋನು ಮಾಡಿದ್ದರು. ನಾನು ತಲುಪುವ ಹೊತ್ತಿಗೆ ಯಂತ್ರ ಬೀದಿಯ ತುದಿಯಲ್ಲಿ ಗುರುಗುಡುತ್ತಿತ್ತು. ಹಾಲಮ್ಮ ತನ್ನ ಕಟ್ಟೆಯ ಮೇಲೆ ನಿಂತಿದ್ದಳು. ಬೇಸಿಗೆಯಲ್ಲಿ ನಕ್ಕವರೂ ತಂತಮ್ಮ ಕಟ್ಟೆಗಳ ಮೇಲೆ ನಿಂತಿದ್ದರು. ರಸ್ತೆಯ ಎಂಜಿನಿಯರು ನೆರಳಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಇನ್ನೂ ಚಿಕ್ಕ ವಯಸ್ಸಿನವರು. ನನ್ನ ಪತ್ರಗಳನ್ನು ತೋರಿಸಿದೆ.

"ನಿಮ್ಮ ಪತ್ರ ನಮ್ಮ ಸಾಹೇಬ್ರ ಮೇಜಿನ ಮೇಲೆ ಐತಿ ಸರ್, ನಾನು ನೋಡೀನಿ" ಎಂದರು. "ಆದ್ರೆ ನನಗೆ ಅದರ ಮೇಲೆ ಏನೂ ಆದೇಶ ಬಂದಿಲ್ಲ. ಈ ಬೀದಿ ಇಷ್ಟು ಅಗಲ ಆಗ್ಬೇಕು ಅಂತ ಆದೇಶ ಐತಿ. ಎಲ್ಲಿಂದ ತಗೊಳ್ಳಿ ನೀವೇ ಹೇಳಿ."

ಹಾಲಮ್ಮ ಕಟ್ಟೆಯಿಂದಲೇ ಕೂಗಿದಳು. "ಎದುರಿಗಿರಾ ತಂತಿ ಬೇಲಿ ಯಾರದ್ರಿ?"

"ನಮ್ಮದು" ಎಂದೆ.

"ಅದಕ್ಕ್ಯಾಕ ಕೆಂಪು ಬಣ್ಣ ಹಚ್ಚಿಲ್ಲ?"

ಗುಡಿಗೆ ಅದರದೇ ಹಳೆಯ ಕಲ್ಲಿನ ಪೌಳಿಗೋಡೆಯಿತ್ತು. ಅದರ ಹೊರಗೆ ಒಂದು ಪಟ್ಟೆ ಜಾಗ ಬಿಟ್ಟು ನಮ್ಮ ಇಲಾಖೆ ಮುಳ್ಳುತಂತಿಯ ಬೇಲಿ ಹಾಕಿ, ಒಳಗೆ ಹುಲ್ಲು ಬೆಳೆಸಿ, ನೀಲಿ ಫಲಕ ನಿಲ್ಲಿಸಿತ್ತು. ಅದನ್ನು ಹಾಕಿ ಕೆಲವೇ ವರ್ಷಗಳಾಗಿದ್ದವು. ನಾನು ಬಂದಾಗಲೆಲ್ಲ ಆ ಬೇಲಿ ದಾಟಿ ಎದುರಿನ ಸಾಲನ್ನು ಅಳೆಯುತ್ತಿದ್ದೆ. ಬೇಲಿಯನ್ನು ಅಳೆಯಬಹುದೆಂದು ನನಗೆ ಹೊಳೆದಿರಲಿಲ್ಲ. ಎಂಜಿನಿಯರಿನ ಪಟ್ಟಿಯ ಒಂದು ತುದಿಯನ್ನು ನಾನೇ ಹಿಡಿದೆ. ಅವರಿಗೆ ಬೇಕಾದಷ್ಟನ್ನು ಬೇಲಿಯ ಕಡೆಯಿಂದ ಕೊಟ್ಟರೂ ಪೌಳಿಯ ಹೊರಗೆ ಒಬ್ಬ ಆರಾಮವಾಗಿ ಓಡಾಡುವಷ್ಟು ಜಾಗ ಉಳಿಯುತ್ತಿತ್ತು.

"ಮಧ್ಯಾಹ್ನದವರೆಗೆ ಸಮಯ ಕೊಡಿ" ಎಂದೆ.

ಗುಡಿಯ ಕಾವಲುಗಾರನನ್ನು ಕರೆದು, ಹುಲ್ಲಿನ ಪಟ್ಟೆಯಲ್ಲಿ ಅಲ್ಲಲ್ಲಿ ಸಣ್ಣ ಗುಂಡಿ ತೋಡಿಸಿದೆ. ಕೆಳಗೆ ಹಳೆಯ ತಳಪಾಯವೇನಾದರೂ ಇದ್ದರೆ ಮಾತೇ ಮುಗಿಯುತ್ತಿತ್ತು. ಮಂಡಿಯೂರಿ ಮಣ್ಣನ್ನು ಕೈಯಲ್ಲೇ ಜರಡಿ ಹಿಡಿದೆ. ಬಳೆಚೂರು, ಹೆಂಚಿನ ತುಂಡು, ಬೀಡಿಯ ಕಟ್ಟಿನ ಕಾಗದ. ಹಳೆಯದೇನೂ ಸಿಗಲಿಲ್ಲ. ಎದ್ದು ನಿಂತಾಗ ಬೆನ್ನು ಹಿಡಿದುಕೊಂಡಿತ್ತು. ಮೇಲಧಿಕಾರಿಗಳಿಗೆ ಫೋನು ಮಾಡಿ ಕೇಳೋಣವೇ ಎಂದು ಒಂದು ಗಳಿಗೆ ಯೋಚಿಸಿದೆ. ಕೇಳಿದರೆ ಏನು ಹೇಳುತ್ತಾರೆಂಬುದು ಗೊತ್ತಿತ್ತು, ಹೇಳಿದ ಮೇಲೆ ಮೀರುವುದು ನನ್ನಿಂದ ಆಗುತ್ತಿರಲಿಲ್ಲ. ಬೇಲಿಯನ್ನು ಹಿಂದಕ್ಕೆ ಸರಿಸಲು ಬರಹದಲ್ಲಿ ಒಪ್ಪಿಗೆ ಕೊಟ್ಟು, ಕೆಳಗೆ ನನ್ನ ಹೆಸರು ಬರೆದೆ.

ಜೆಸಿಬಿ ತಿರುಗಿತು. ಬೇಲಿಯ ಕಬ್ಬಿಣದ ಕಂಬಗಳನ್ನು ಮಾಬುಸಾಬರು ಕಿತ್ತು, ಬಾಗಿದ್ದನ್ನು ನೆಟ್ಟಗೆ ಮಾಡಿ, ಹಿಂದೆ ನೆಟ್ಟರು. "ನಿಮ್ಮ ಇಲಾಖಿ ಮಾಲು ಬಾಳ ಪೊಳ್ಳು ಐತ್ರಿ" ಎಂದು ಗೊಣಗಿದರು.

ಸಂಜೆ ಬೂತಿನಿಂದ ನಾನೇ ಫೋನು ಮಾಡಿ ತಿಳಿಸಿದೆ.

"ಯಾರನ್ನ ಕೇಳಿ ಮಾಡಿದ್ರಿ?" ಎಂದರು ಮೇಲಧಿಕಾರಿಗಳು.

"ಯಾರನ್ನೂ ಕೇಳಲಿಲ್ಲ ಸರ್."

"ಕೇಳಿದ್ರೆ ನಾನು ಬೇಡ ಅಂತಿದ್ದೆ."

"ಗೊತ್ತಿತ್ತು ಸರ್."

"ಊಟ ಮಾಡಿ ಮಲಗಿ" ಎಂದು ಫೋನು ಇಟ್ಟರು.

ಮಾಳಿಗೆ, ಬೇಲಿ ಎರಡಕ್ಕೂ ಸೇರಿಸಿ ಎಚ್ಚರಿಕೆ ಪತ್ರ ಬಂತು. ಅದರ ಹಿಂದೆಯೇ ವರ್ಗಾವಣೆ. ನನಗೆ ಬೇಸರವಾಗಲಿಲ್ಲ, ಸಂತೋಷವೂ ಆಗಲಿಲ್ಲ. ಎಷ್ಟೋ ತಿಂಗಳ ನಿದ್ದೆ ಬಾಕಿಯಿತ್ತು. ನನ್ನ ಜಾಗಕ್ಕೆ ಬರುವವರಿಗೆ ಒಪ್ಪಿಸಲೆಂದು ಕೊನೆಯ ಸಲ ಆ ಸಾಲಿನ ಫೋಟೋ ತೆಗೆಯಲು ಹೋದೆ.

ಬಿಸಿಲಿನಲ್ಲಿ ಏನೋ ದೂರದಿಂದಲೇ ಮಿಂಚುತ್ತಿತ್ತು. ಹಾಲಮ್ಮ ಕಟ್ಟೆಯ ಮೇಲೂ ಮುಂದಿನ ಗೋಡೆಗೂ ನೀಲಿ ಹೂವಿನ ಟೈಲ್ಸ್ ಹಾಕಿಸಿದ್ದಳು, ಬಚ್ಚಲಿಗೆ ಹಾಕುವಂಥವು. ಗಂಡ ಹರಪನಹಳ್ಳಿಯಿಂದ ಬಸ್ಸಿನ ಮೇಲೆ ಹೇರಿಕೊಂಡು ತಂದಿದ್ದನಂತೆ. ಕಂಬಗಳಿಗೆ ಎಣ್ಣೆ ಬಣ್ಣ ಹೊಡೆಸಿದ್ದಳು. ನಾನು ಬೀದಿಯ ನಡುವೆ ಕ್ಯಾಮೆರಾ ಹಿಡಿದು ನಿಂತುಬಿಟ್ಟೆ.

"ಹೆಂಗೈತ್ರಿ?" ಎಂದಳು. ಮುಖದ ತುಂಬ ನಗು.

"ಇದಕ್ಕೆ ಅರ್ಜಿ ಕೊಡಬೇಕಿತ್ತಲ್ಲಮ್ಮ."

"ಕೊಟ್ಟಿದ್ರ ಬ್ಯಾಡ ಅಂತಿದ್ರಿ."

ನನಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು, ನಿಲ್ಲಿಸಲು ಹೊತ್ತು ಹಿಡಿಯಿತು. ಆಕೆ ಒಳಗೆ ಹೋಗಿ ಚಹಾ ತಂದಳು. ನಾನು ಟೈಲ್ಸಿನ ಮೇಲೆ ಕೂತೆ, ತಣ್ಣಗಿತ್ತು. ಅತ್ತೆ ಇನ್ನೊಂದು ತುದಿಯಲ್ಲಿ ಕಾಲು ಚಾಚಿಕೊಂಡು ಕಡ್ಲೆಕಾಯಿ ಸುಲಿಯುತ್ತಿದ್ದಳು.

"ಮುಂದಿನ ವಾರ ಹೊಸ ಸಾಹೇಬ್ರು ಬರ್ತಾರೆ" ಎಂದೆ. "ಇದನ್ನು ನೋಡಿದ ಕೂಡಲೇ ತೆಗೀರಿ ಅಂತಾರೆ. ಹೇಳಿಲ್ಲ ಅನ್ನಬೇಡಿ."

"ಅನ್ಲಿ ಬಿಡ್ರಿ" ಎಂದಳು ಹಾಲಮ್ಮ. "ಮೊದಲು ಕುಂದ್ರಲಿ, ಚಾ ಕುಡೀಲಿ. ಆಮ್ಯಾಲ ಒಳಗ ಕರಕಂಡು ಹೋಗ್ತೀನಿ."